ತಪ್ಪು ಕಚೇರಿಯದು, ವಸೂಲಿ ಯಾರಿಂದ?

ಡೊಂಬಿವಲಿ, ಕಲ್ಯಾಣ, ಠಾಣೆಯ ಕನ್ನಡ ಮನೆಗಳಲ್ಲಿ ರೈಲ್ವೆಯಿಂದಲೋ ಸರ್ಕಾರಿ ಕಚೇರಿಯಿಂದಲೋ ನಿವೃತ್ತರಾದವರು ಅನೇಕರಿದ್ದಾರೆ. ಅಂಥ ಮನೆಯಲ್ಲಿ ಅಂಗವಿಕಲ ಮಗನೋ ಮಗಳೋ ಇದ್ದರೆ ಔಷಧಿ, ಡೈಪರು, ನೋಡಿಕೊಳ್ಳುವವರ ಸಂಬಳ ಎಲ್ಲಕ್ಕೂ ಪಿಂಚಣಿಯೇ ಆಧಾರ. ಮಹಾರಾಷ್ಟ್ರ ಸರ್ಕಾರ ಮಾಸಾಶನ ಕೊಡುವ ಸಂಜಯ ಗಾಂಧಿ ನಿರಾಧಾರ ಯೋಜನೆಯ ಆದಾಯ ಮಿತಿ ತೀರ ಕೆಳಗಿರುವುದರಿಂದ ಪಿಂಚಣಿ ಬರುವ ಕುಟುಂಬ ಅದರೊಳಗೆ ಸೇರುವುದು ಕಷ್ಟ.

ಈ ಪಿಂಚಣಿಯ ಲೆಕ್ಕ ತಪ್ಪುವುದು ಹೆಚ್ಚಾಗಿ ಕುಟುಂಬ ಪಿಂಚಣಿಯಲ್ಲಿ, ಅಂದರೆ ನಿವೃತ್ತರ ನಂತರ ಮನೆಯವರಿಗೆ ಬರುವ ಹಣದಲ್ಲಿ. ನಿವೃತ್ತರು ತೀರಿಕೊಂಡ ಮೇಲೆ 7 ವರ್ಷ, ಅಥವಾ ಅವರಿಗೆ 67 ತುಂಬುತ್ತಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಹೆಚ್ಚಿನ ದರ. ಆಮೇಲೆ ಕೊನೆಯ ಸಂಬಳದ ಶೇಕಡಾ 30. ಆ ತಾರೀಕನ್ನು ಬ್ಯಾಂಕು ಮರೆತರೆ ಹಳೆಯ ದರವೇ ವರ್ಷಗಟ್ಟಲೆ ಜಮೆಯಾಗುತ್ತದೆ. ಒಂದು ದಿನ ಕಂಪ್ಯೂಟರು ಎಚ್ಚೆತ್ತು ಲಕ್ಷಗಳ ಲೆಕ್ಕ ಕೇಳುತ್ತದೆ.

2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ ಇಂಥದೇ ಒಂದು ವಸೂಲಿಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅರ್ಜಿದಾರರು ಕೇಂದ್ರ ಸರ್ಕಾರದ ಕಾರ್ಖಾನೆಯಿಂದ ನಿವೃತ್ತರಾದ 85ರ ಹಿರಿಯರು. ಮನೆಯಲ್ಲಿ 45 ವರ್ಷದ ಬುದ್ಧಿಮಾಂದ್ಯ ಮಗಳು. 2007ರಿಂದ ಪಿಂಚಣಿ ಹೆಚ್ಚಾಗಿ ಹೋಗಿದೆ ಎಂದು ಸ್ಟೇಟ್ ಬ್ಯಾಂಕು ₹3,69,035 ವಸೂಲಿಗೆ ಹೊರಟಿತ್ತು. ಪಿಂಚಣಿ ಎಷ್ಟೆಂದು ಗೊತ್ತುಮಾಡುವುದು ನೌಕರಿ ಕೊಟ್ಟವರ ಕೆಲಸ, ಅದನ್ನು ಇಳಿಸುವ ಅಧಿಕಾರ ಬ್ಯಾಂಕಿಗಿಲ್ಲ ಎಂದ ಪೀಠ ವಸೂಲಿಯನ್ನು ರದ್ದು ಮಾಡಿ, ಬ್ಯಾಂಕಿನ ಮೇಲೆ ₹50,000 ಖರ್ಚು ಹೇರಿತು. ಠಾಣೆ ಜಿಲ್ಲೆಯೂ ಅದೇ ಹೈಕೋರ್ಟಿನ ಅಡಿಯಲ್ಲಿದೆ.

ದೊಡ್ಡ ಆಸರೆ ಸುಪ್ರೀಂ ಕೋರ್ಟಿನ 2014ರ ಡಿಸೆಂಬರ್ 18ರ ರಫೀಕ್ ಮಸೀಹ್ ತೀರ್ಪು. ನೌಕರರ ಮೋಸವಿಲ್ಲದೆ, ಕಚೇರಿಯ ತಪ್ಪಿನಿಂದ ಹೋದ ಹಣವನ್ನು ಮೂರನೆಯ, ನಾಲ್ಕನೆಯ ದರ್ಜೆಯವರಿಂದ, ನಿವೃತ್ತರಿಂದ, ವರ್ಷದೊಳಗೆ ನಿವೃತ್ತರಾಗುವವರಿಂದ ವಸೂಲು ಮಾಡುವಂತಿಲ್ಲ. ಐದು ವರ್ಷಕ್ಕೂ ಮಿಕ್ಕಿ ಹೋಗಿದ್ದರೂ ಹಾಗೆಯೇ. ಇವಲ್ಲದೆ, ವಸೂಲಿ ಕ್ರೂರವೆನಿಸುವಂಥ ಸಂದರ್ಭಗಳಿಗೂ ತೀರ್ಪಿನಲ್ಲಿ ಜಾಗವಿದೆ. ಅಂಗವಿಕಲ ಮಗುವಿನ ಆರೈಕೆಯ ಖರ್ಚನ್ನು ಬಿಲ್ಲು, ಪ್ರಮಾಣಪತ್ರ ಸಮೇತ ಮುಂದಿಡಬೇಕಾದದ್ದು ಇಲ್ಲಿಯೇ. ಕರುಣೆ ಬೇಡುವ ಕಾಗದವೆಂದು ಹಿಂಜರಿಯುವವರನ್ನು ಕಂಡಿದ್ದೇನೆ. ಅದು ಕರುಣೆಯಲ್ಲ, ಸಾಕ್ಷ್ಯ.

ತೊಡಕೂ ಇದೆ. 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ, ಹೆಚ್ಚು ಬಂದರೆ ಹಿಂತಿರುಗಿಸುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟವರಿಂದ ವಸೂಲಿ ಮಾಡಬಹುದೆಂದು ಸುಪ್ರೀಂ ಕೋರ್ಟು ಹೇಳಿತು. ಪಿಂಚಣಿ ಖಾತೆ ತೆರೆಯುವಾಗ ಬ್ಯಾಂಕು ಸಹಿ ಹಾಕಿಸಿಕೊಳ್ಳುವ ಕಾಗದಗಳಲ್ಲಿ ಇಂಥ ಮುಚ್ಚಳಿಕೆ ಇರುತ್ತದೆ. ಅದರ ನಕಲು ಕೇಳಿ ತರಿಸಿಕೊಂಡೇ ವಾದ ಕಟ್ಟಬೇಕು. ಇನ್ನೊಂದು: ಇನ್ನು ಮುಂದಿನ ಪಿಂಚಣಿಯನ್ನು ಸರಿಯಾದ ದರಕ್ಕೆ ಇಳಿಸುವುದು ಬೇರೆ, ಹಿಂದಿನದನ್ನು ಕಿತ್ತುಕೊಳ್ಳುವುದು ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ವಿರೋಧಿಸಿದರೆ ಗೆಲ್ಲಬಹುದಾದದ್ದೂ ಸಡಿಲವಾಗುತ್ತದೆ.

ವಸೂಲಿಯ ಪತ್ರ ಬಂದ ಕೂಡಲೇ ಕಂತಿನ ಒಪ್ಪಿಗೆಗೆ ಸಹಿ ಹಾಕಬೇಡಿ. ಎಷ್ಟು ಸಲ್ಲಬೇಕಿತ್ತು, ಎಷ್ಟು ಸಂದಿದೆ ಎಂಬ ತಿಂಗಳುವಾರು ಡ್ಯೂ-ಡ್ರಾನ್ ಸ್ಟೇಟ್‌ಮೆಂಟ್ ಲಿಖಿತವಾಗಿ ಕೇಳಿ, ಪಿಂಚಣಿ ಪಾವತಿ ಆದೇಶದ (ಪಿ.ಪಿ.ಓ.) ಜೊತೆ ತಾಳೆ ನೋಡಿ. ಬ್ಯಾಂಕಿನ ತಪ್ಪಿಂದ ಹೆಚ್ಚು ಹೋಗಿದ್ದರೆ ಪಿಂಚಣಿದಾರರಿಂದ ಬರುವುದನ್ನು ಕಾಯದೆ ಬ್ಯಾಂಕೇ ಸರ್ಕಾರಕ್ಕೆ ತುಂಬಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಈ ಮಾತನ್ನು ಆಕ್ಷೇಪಣೆಯಲ್ಲಿ ಬರೆಯಿರಿ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಇಲಾಖೆಯೇ ಆದೇಶ ಹೊರಡಿಸಿದ್ದರೆ ರೈಲ್ವೆ, ಕೇಂದ್ರ ಸರ್ಕಾರದವರಿಗೆ ಮುಂಬಯಿಯ ಕೇಂದ್ರ ಆಡಳಿತ ನ್ಯಾಯಮಂಡಳಿ. ಅಲ್ಲಿ ಸಾಮಾನ್ಯವಾಗಿ ಅಂತಿಮ ಆದೇಶದಿಂದ ಒಂದು ವರ್ಷದ ಗಡುವು. ವಕೀಲರ ಫೀಸಿನ ಚಿಂತೆಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ನೆರವಾಗುತ್ತದೆ: ಅಂಗವಿಕಲರಿಗೂ ಮಹಿಳೆಯರಿಗೂ ಆದಾಯ ನೋಡದೆ ಉಚಿತ ವಕೀಲರು. ಡೊಂಬಿವಲಿ, ಕಲ್ಯಾಣ, ವಾಶಿಯವರಿಗೆ ಠಾಣೆಯ ಜಿಲ್ಲಾ ಪ್ರಾಧಿಕಾರ. ಪನ್ವೇಲ್, ಖಾರ್ಘರ್ ರಾಯಗಡ ಜಿಲ್ಲೆಯಾದ್ದರಿಂದ ಅಲ್ಲಿಯವರು ಅಲಿಬಾಗದ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕಳಿಸಬೇಕು.