ನಿಮಗಿದು ಗೊತ್ತೆ? ಕೌದಿ ಹೊಲಿಯುವವರ ಇಸ್ತ್ರಿ ಪೆಟ್ಟಿಗೆ

ಜಮಖಂಡಿ, ಮುಧೋಳ, ಬೀಳಗಿ ಕಡೆ ಹಳೆ ಸೀರೆ, ಧೋತರಗಳ ತುಂಡು ಕೂಡಿಸಿ ಕೌದಿ ಹೊಲಿಯುತ್ತಾರೆ. ಆ ತುಂಡುಗಳಿಗೆ ಇಸ್ತ್ರಿ ಹಾಕುವಾಗ ರಬಕವಿ-ಬನಹಟ್ಟಿ ಮಗ್ಗದ ಹತ್ತಿ ಬಟ್ಟೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವು ತಡೆಯುತ್ತದೆ. ಅಷ್ಟೇ ಕಾವಿಗೆ ಪಾಲಿಯೆಸ್ಟರ್ ತುಂಡು ಮುದುಡಿ, ಇಸ್ತ್ರಿಯ ತಳಕ್ಕೆ ಅಂಟಿಕೊಳ್ಳಬಹುದು. ಆದ್ದರಿಂದ ಮೊದಲು ಪಾಲಿಯೆಸ್ಟರ್, ಆಮೇಲೆ ಹತ್ತಿ. ಪೆಟ್ಟಿಗೆ ಕಾಯುವುದು ಬೇಗ, ಆರುವುದು ನಿಧಾನ.

ಸ್ಟೀಮ್ ಇಸ್ತ್ರಿಗೆ ದೊಡ್ಡ ಶತ್ರು ಬೋರ್‌ವೆಲ್‌ನ ಗಡಸು ನೀರು. ಅದರ ಸುಣ್ಣ ಒಳಗೇ ಗಟ್ಟಿಯಾಗಿ ಹಬೆಯ ತೂತು ಮುಚ್ಚುತ್ತದೆ. ಬಿಳಿ ಚಕ್ಕೆ ಉದುರಿ ಕೌದಿಯ ಮೇಲೆ ಕಲೆ ಮಾಡುತ್ತದೆ. ಆರ್‌ಒ ಫಿಲ್ಟರ್ ನೀರು ಹಾಕಿ, ಕೆಲಸ ಮುಗಿದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ. ನೀರು ತುಂಬುವಾಗ ಪ್ಲಗ್ ಕಿತ್ತಿರಲೇಬೇಕು. ಅರ್ಥಿಂಗ್ ಇಲ್ಲದ ಸಾಕೆಟ್ಟಿಗಂತೂ ಚುಚ್ಚಲೇಬೇಡಿ: ಒಳಗಿನ ತಂತಿ ಸಡಿಲಾಗಿ ತಾಗಿದರೆ ಲೋಹದ ತಳಕ್ಕೇ ಕರೆಂಟು ಬರುತ್ತದೆ.