ಕಬ್ಬಿನ ಸಿಪ್ಪೆಯಿಂದ ಸಿಹಿವಸ್ತು

ಮೇಲವಂಕಿ ಮೊದಲಾದ ಗ್ರಾಮಗಳ ಒಕ್ಕಲುತನದಲ್ಲಿ ಕಬ್ಬಿಗಿರುವ ಸ್ಥಾನವು ಸರ್ವವಿದಿತವಾದುದು. ಕಬ್ಬನ್ನು ಅರೆದ ಮೇಲೆ ಟನ್ನಿಗೆ ಸುಮಾರು 280 ಕಿಲೋಗ್ರಾಮಿನಷ್ಟು ಹಸಿ ಸಿಪ್ಪೆ ಉಳಿಯುವುದು. ಅದರಲ್ಲಿ ಅರ್ಧದಷ್ಟು ನೀರೇ. ಗಾಣದವರು ಅದನ್ನು ಬೆಲ್ಲದ ಒಲೆಗೂ, ಕಾರಖಾನೆಯವರು ಉಗಿ ಹಾಗೂ ವಿದ್ಯುತ್ತಿಗಾಗಿ ಬಾಯ್ಲರಿಗೂ ಹಾಕುತ್ತಾರೆ. ಆದರೆ ಒಣಸಿಪ್ಪೆಯ ಸುಮಾರು ಕಾಲುಭಾಗದಷ್ಟಿರುವ ಕ್ಸೈಲಾನ್ ಎಂಬ ಅಂಶದಿಂದ ಕ್ಸೈಲಿಟಾಲ್ ಎಂಬ ಸಿಹಿವಸ್ತುವನ್ನು ಪಡೆಯಬಹುದಾಗಿದೆ.

ಇದು ಸಕ್ಕರೆಯಷ್ಟೇ ಸಿಹಿ. ಗ್ರಾಮೊಂದಕ್ಕೆ ಸಕ್ಕರೆಯು 4 ಕ್ಯಾಲೊರಿ ಕೊಟ್ಟರೆ ಇದು 2.4 ಮಾತ್ರ ಕೊಡುವುದು. ರಕ್ತದ ಸಕ್ಕರೆಯನ್ನೂ ಅಷ್ಟಾಗಿ ಏರಿಸದು. ಹೆಚ್ಚು ತಿಂದರೆ ಭೇದಿಯಾಗುವುದು. ನಾಯಿಗಳಿಗಂತೂ ಇದು ವಿಷವೇ ಸರಿ.

ಸಿಪ್ಪೆಯನ್ನು ಸೌಮ್ಯವಾದ ಗಂಧಕಾಮ್ಲದಲ್ಲಿ ಕಾಯಿಸಿದರೆ ಕ್ಸೈಲಾನ್ ಒಡೆದು ಕ್ಸೈಲೋಸ್ ಎಂಬ ಸಕ್ಕರೆಯಾಗುವುದು. ರೂಢಿಯ ಪದ್ಧತಿಯಲ್ಲಿ ಇದನ್ನು ಶುದ್ಧಮಾಡಿ, ನಿಕ್ಕಲ್ ಲೋಹದ ಸನ್ನಿಧಿಯಲ್ಲಿ ಅಧಿಕ ಒತ್ತಡದ ಜಲಜನಕದಿಂದ ಕ್ಸೈಲಿಟಾಲ್ ಆಗಿ ಮಾರ್ಪಡಿಸುತ್ತಾರೆ. ಚೀನದೇಶದವರು ಗೋವಿನಜೋಳದ ಕಾಳು ಬಿಡಿಸಿದ ತೆನೆಯಿಂದ ಹೀಗೆಯೇ ತಯಾರಿಸುತ್ತಾರೆ. ವೆಚ್ಚದ ಕೆಲಸವಿದು. ಇದೇ ಕಾರ್ಯವನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಾಮಾನ್ಯ ಒತ್ತಡದಲ್ಲಿ, ಅಲ್ಪ ಉಷ್ಣದಲ್ಲಿಯೇ ಮಾಡಬಲ್ಲದು. ಕ್ಯಾಂಡಿಡಾ ಜಾತಿಯ ಕೆಲವು ಯೀಸ್ಟುಗಳಿಗೆ ಈ ಗುಣವು ಹುಟ್ಟಿನಿಂದಲೇ ಇದೆ. ಆದರೆ ಅವುಗಳಲ್ಲಿ ಕೆಲವು ರೋಗಕಾರಕಗಳು. ರೊಟ್ಟಿ ಉಬ್ಬಿಸುವ ನಿರಪಾಯಕರ ಯೀಸ್ಟಿಗೋ ಈ ಗುಣವಿಲ್ಲ. ಆದಕಾರಣ 1991ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಬೇರೊಂದು ಯೀಸ್ಟಿನ ಜೀನನ್ನು ಇದರೊಳಗೆ ಸೇರಿಸಲು, ಅದು ಒದಗಿಸಿದ ಕ್ಸೈಲೋಸಿನ ನೂರಕ್ಕೆ 95ಕ್ಕಿಂತ ಹೆಚ್ಚು ಭಾಗವನ್ನು ಕ್ಸೈಲಿಟಾಲ್ ಮಾಡಿತು.

ಪ್ರಯೋಗಶಾಲೆಯ ಫಲವೆಲ್ಲ ಕಾರಖಾನೆಯಲ್ಲಿ ಕೈಗೂಡುವುದೆಂದು ಭಾವಿಸಲಾಗದು. ಆಮ್ಲದಲ್ಲಿ ಬೆಂದ ಸಿಪ್ಪೆಯ ರಸದಲ್ಲಿ ಯೀಸ್ಟನ್ನು ಕುಗ್ಗಿಸುವ ಫರ್ಫ್ಯುರಾಲ್ ಮುಂತಾದ ದ್ರವ್ಯಗಳಿರುತ್ತವೆ. ಅವುಗಳನ್ನು ಮೊದಲು ನೀಗಬೇಕು. ಉಳಿದ ಸಿಪ್ಪೆಯನ್ನು ಮತ್ತೆ ಬಾಯ್ಲರಿಗೆ ಹಾಕಬಹುದಾದರೂ ಅದು ತೊಯ್ದಿರುವುದರಿಂದ ಒಣಗಿಸುವ ಖರ್ಚು ಬೇರೆ. ಗಾಣದ ಮನೆಯಲ್ಲಿ ಮಾಡುವ ಕಸುಬಂತೂ ಇದಲ್ಲ; ಹಾಗೆಂದು ಯಾರಾದರೂ ಹಣ ಕೇಳಿದರೆ ಕೊಡತಕ್ಕದ್ದಲ್ಲ.

ಇನ್ನು ಬೆಳೆಗಾರನ ಪಾಲಿನ ಮಾತು. ಸಕ್ಕರೆ, ಸಿಪ್ಪೆ, ಕಾಕಂಬಿ, ಪ್ರೆಸ್‌ಮಡ್ ಇವುಗಳ ಕಾರಖಾನೆ ಬಾಗಿಲ ಬೆಲೆಯಲ್ಲಿ ನೂರಕ್ಕೆ 70 ಪಾಲು ಬೆಳೆಗಾರನಿಗೆ ಸಲ್ಲಬೇಕೆಂದು ರಂಗರಾಜನ್ ಸಮಿತಿಯು 2012ರಲ್ಲಿ ಶಿಫಾರಸು ಮಾಡಿತು. ಆ ಲೆಕ್ಕವು ಸಿಪ್ಪೆಯ ಬೆಲೆಗೆ ಮಾತ್ರ ಸೇರಿದ್ದು, ಸಿಪ್ಪೆಯಿಂದ ಮುಂದೆ ತಯಾರಾಗುವ ಸರಕಿಗಲ್ಲ. ಹೀಗಿರಲಾಗಿ ಕ್ಸೈಲಿಟಾಲಿನ ಲಾಭವು ಹೊಲದವರೆಗೆ ಬರಬೇಕಾದರೆ ಸಿಪ್ಪೆಯ ಬೆಲೆಯೇ ಏರಬೇಕು. ಸಹಕಾರಿ ಕಾರಖಾನೆಗಳ ಷೇರುದಾರರಾದ ಜಮೀನುದಾರರು, ಸಿಪ್ಪೆಯನ್ನು ಯಾವ ದರದಲ್ಲಿ ಲೆಕ್ಕಕ್ಕೆ ಹಿಡಿಯಲಾಗಿದೆಯೆಂಬುದನ್ನು ವಾರ್ಷಿಕ ಸಭೆಯಲ್ಲಿ ಈಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಯುಕ್ತವು.