ಪುಸ್ತಕ ವಿಮರ್ಶೆ ಗೀಬತ್ ಆಗುತ್ತದೆಯೇ?

ದ್ವಿತೀಯ ಪಿಯುಸಿ ತರಗತಿಯಲ್ಲಿ ಒಂದು ದಿನ, ಎಲ್ಲರೂ ಗ್ರಂಥಾಲಯದಿಂದ ಒಂದು ಕಾದಂಬರಿ, ಕಥಾಸಂಕಲನ ಅಥವಾ ಆತ್ಮಕಥೆಯನ್ನು ತೆಗೆದುಕೊಂಡು ಓದಿ, ಒಂದು ಪುಟದ ವಿಮರ್ಶೆ ಬರೆದು ತನ್ನಿ ಎಂದು ಹೇಳಿದ್ದೆ. ಪಾಠ ಮುಗಿದ ಮೇಲೆ, ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಬಾಗಿಲ ಬಳಿ ನಿಂತು ಕೇಳಿದಳು: "ಸರ್, ಅವರು ಕಷ್ಟಪಟ್ಟು ಬರೆದಿರ್ತಾರೆ. ಅವರ ತಪ್ಪು ಎತ್ತಿ ಹೇಳೋದು ಗೀಬತ್ ಆಗಲ್ವಾ?"

ಪಾಠದ ಜೊತೆಗೆ ಹಲವು ವರ್ಷಗಳಿಂದ ಪತ್ರಿಕೆಗಳಿಗೆ ಪುಸ್ತಕ ವಿಮರ್ಶೆ ಬರೆಯುತ್ತಿದ್ದೇನೆ. ಆದರೂ ಅವಳಿಗೆ ಆ ಕ್ಷಣ ಸರಿಯಾದ ಉತ್ತರ ಕೊಡಲಾಗಲಿಲ್ಲ. ಈ ಲೇಖನ ಅವಳಿಗೂ, ಅದೇ ಅನುಮಾನ ಇರುವ ಉಳಿದವರಿಗೂ.

ಒಬ್ಬರ ಬೆನ್ನ ಹಿಂದೆ, ಅವರು ಕೇಳಿದರೆ ನೋಯುವಂಥ ಮಾತನ್ನು, ಅದು ನಿಜವೇ ಆಗಿದ್ದರೂ ಆಡುವುದು ಗೀಬತ್. ವಿಮರ್ಶೆ ಬೆನ್ನ ಹಿಂದಿನ ಮಾತಲ್ಲ. ಬರೆದವರ ಹೆಸರಿನೊಂದಿಗೆ ಅದು ಅಚ್ಚಾಗುತ್ತದೆ, ಲೇಖಕರೂ ಓದುತ್ತಾರೆ, ಬೇಕಿದ್ದರೆ ಉತ್ತರವನ್ನೂ ಕೊಡುತ್ತಾರೆ. ಅದರ ವಿಷಯ ವ್ಯಕ್ತಿಯಲ್ಲ, ಆ ವ್ಯಕ್ತಿ ತಾವಾಗಿಯೇ ಎಲ್ಲರ ಮುಂದೆ ಇಟ್ಟ ಪುಸ್ತಕ. ನಾನು ಆಲಿಮ್ ಅಲ್ಲ. ಆದರೆ ಹದೀಸ್ ವಿದ್ವಾಂಸರು ಒಂದು ಮಾತನ್ನು ಯಾರು ಯಾರಿಂದ ಕೇಳಿದರು ಎಂದು ಸರಪಳಿಯ ಪ್ರತಿ ಕೊಂಡಿಯನ್ನೂ ಪರೀಕ್ಷಿಸುತ್ತಿದ್ದರು, ಇಂಥವರ ನೆನಪು ದುರ್ಬಲ, ಇಂಥವರು ನಂಬಿಕೆಗೆ ಅರ್ಹರು ಎಂದು ಬರೆದಿಡುತ್ತಿದ್ದರು ಎಂಬುದು ನಿಮಗೆ ಗೊತ್ತಿದೆ. ಮುಂದೆ ಓದುವವರು ಮೋಸ ಹೋಗಬಾರದೆಂಬ ಹೊಣೆಯಿಂದ ಅವರು ಆ ಕೆಲಸ ಮಾಡಿದರು. ವಿಮರ್ಶೆಯನ್ನೂ ನಾನು ಹಾಗೆಯೇ ಒಂದು ಗವಾಹಿ, ಅಂದರೆ ಸಾಕ್ಷಿ ಎಂದು ತಿಳಿಯುತ್ತೇನೆ. ನೋಡದ್ದನ್ನು ಸಾಕ್ಷಿ ಹೇಳಬಾರದು, ನೋಡಿದ್ದನ್ನು ಮುಚ್ಚಿಡಬಾರದು.

ಇದನ್ನು ನನಗೆ ಕಲಿಸಿದವರು ಮಳವಳ್ಳಿಯ ಒಬ್ಬ ದರ್ಜಿ. ಗೆಳೆಯರೊಬ್ಬರ ಕಥಾಸಂಕಲನ ಬಿಡುಗಡೆಯಾಗಿತ್ತು. ಹನ್ನೆರಡು ಕಥೆಗಳಲ್ಲಿ ನಾಲ್ಕನ್ನು ಓದಿ, ಉಳಿದದ್ದಕ್ಕೆ ಮುನ್ನುಡಿ, ಬೆನ್ನುಡಿಗಳನ್ನು ನೆಚ್ಚಿಕೊಂಡು ಹೊಗಳಿ ಬರೆದಿದ್ದೆ. ಕೆಲವು ವಾರಗಳ ನಂತರ ಬಟ್ಟೆ ಹೊಲಿಸಲು ಅವರ ಅಂಗಡಿಗೆ ಹೋದಾಗ ಅವರು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದರು: "ಮೇಷ್ಟ್ರೇ, ಆ ಪುಸ್ತಕ ನೀವು ಪೂರ್ತಿ ಓದಿದ್ರಾ? ನೀವು ಬರ್ದಿದ್ದು ನೋಡಿ ಮಗಳಿಗೆ ತರ್ಸ್ಕೊಟ್ಟೆ. ಎಲ್ಲಾ ಕತೆನೂ ಒಂದೇ ತರ ಅವೆ ಕಣಪ್ಪ ಅಂದ್ಲು." ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಗೆಳೆಯನಿಗೆ ಉಪಕಾರ ಮಾಡಿದೆ ಎಂದುಕೊಂಡಿದ್ದೆ. ಅದರ ಬೆಲೆ ತೆತ್ತದ್ದು ಒಬ್ಬ ದರ್ಜಿಯ ದಿನದ ಸಂಪಾದನೆ. ಸುಳ್ಳು ನಿಂದೆಯಷ್ಟೇ ಸುಳ್ಳು ಹೊಗಳಿಕೆಯೂ ತಪ್ಪು ಎಂದು ಅಂದು ಅರಿವಾಯಿತು.

ಹವ್ಯಾಸಿ ವಿಮರ್ಶಕನ ಕೆಲಸ ನಡೆಯುವ ಬಗೆ ಇದು. ಪ್ರಕಾಶಕರು ಪತ್ರಿಕೆಗೆ ಪುಸ್ತಕ ಕಳಿಸುತ್ತಾರೆ. ಬಂದದ್ದರಲ್ಲಿ ಬಹುಪಾಲು 'ಸಾದರ ಸ್ವೀಕಾರ' ಪಟ್ಟಿಯಲ್ಲಿ ಹೆಸರು, ಪುಟ, ಬೆಲೆಯ ಜೊತೆ ಒಂದು ಸಾಲಾಗಿ ಮುಗಿಯುತ್ತದೆ. ಕೆಲವಕ್ಕೆ 'ಪರಿಚಯ' ಬರುತ್ತದೆ, ತೀರ ಕೆಲವಕ್ಕೆ ಮಾತ್ರ ವಿಮರ್ಶೆ. ಸಂಪಾದಕರು ನಾಲ್ಕುನೂರು, ಐನೂರು ಪದಗಳ ಮಿತಿ ಹಾಕುತ್ತಾರೆ. ಗೌರವಧನ ನಂಬಿ ಸಂಸಾರ ನಡೆಸಲಾಗದು. ಹಾಗಾದರೆ ಇದೇಕೆ ಬೇಕು? ಮಂಡ್ಯದಲ್ಲಿ 2024ರ ಡಿಸೆಂಬರ್ 20ರಿಂದ 22ರವರೆಗೆ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಗಳಲ್ಲಿ ನೀವು ಸುತ್ತಾಡಿದ್ದರೆ ಉತ್ತರ ಗೊತ್ತಿರುತ್ತದೆ. ಕೈಯಲ್ಲಿ ಇನ್ನೂರು ರೂಪಾಯಿ, ಕಣ್ಣ ಮುಂದೆ ರಾಶಿ ರಾಶಿ ಪುಸ್ತಕ. ಯಾವುದನ್ನು ಕೊಳ್ಳುವುದು? ಅಲ್ಲಿ ಪಕ್ಕದಲ್ಲಿ ನಿಂತು ನಿಜ ಹೇಳುವ ಒಬ್ಬ ಓದುಗ ಬೇಕು. ವಿಮರ್ಶಕ ಎಂದರೆ ಅಷ್ಟೇ.

ಕಥೆ, ಕಾದಂಬರಿಯನ್ನು ನಾನು ಎರಡು ಸಲ ಓದುತ್ತೇನೆ. ಮೊದಲ ಸಲ ಮುನ್ನುಡಿಯನ್ನು ಬಿಟ್ಟು, ಸುಮ್ಮನೆ ಓದುಗನಾಗಿ. ಎರಡನೇ ಸಲ ಪೆನ್ಸಿಲ್ ಹಿಡಿದು. ಎಲ್ಲಿ ಓದು ನಿಧಾನವಾಯಿತು, ಎಲ್ಲಿ ಎದೆ ಬಿಗಿಯಿತು, ಯಾವ ಪಾತ್ರದ ಮಾತು ಸುಳ್ಳೆನಿಸಿತು ಎಂದು ಪುಟಸಂಖ್ಯೆ ಗುರುತಿಸುತ್ತೇನೆ. ಪುಟಸಂಖ್ಯೆ ಇಲ್ಲದ ಅಭಿಪ್ರಾಯ ನನ್ನ ಟಿಪ್ಪಣಿಯಲ್ಲಿ ಉಳಿಯುವುದಿಲ್ಲ.

ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕಥೆಯನ್ನೇ ನೋಡಿ. ಗಂಡ ಬೇರೊಬ್ಬಳ ಕಡೆ ತಿರುಗಿದನೆಂದು ಮೆಹರುನ್ ಕಂಕುಳಲ್ಲಿ ಕೂಸು ಹೊತ್ತು ತವರಿಗೆ ಬರುತ್ತಾಳೆ. ತವರಿನವರಿಗೆ ಅವಳ ನೋವಿಗಿಂತ ಮನೆತನದ ಮರ್ಯಾದೆಯ ಚಿಂತೆ ದೊಡ್ಡದಾಗುತ್ತದೆ. ವಿಮರ್ಶೆಯಲ್ಲಿ ಕಥೆಯನ್ನು ಇಷ್ಟೇ ಹೇಳಬೇಕು. ಆ ರಾತ್ರಿ ಏನಾಯಿತೆಂದು ಹೇಳಿದರೆ ಓದುಗರ ಪಾಲನ್ನು ಕಿತ್ತುಕೊಂಡಂತೆ. ಆದರೆ 'ಮನಮುಟ್ಟುವ ಕಥೆ' ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ಅಣ್ಣಂದಿರನ್ನು ರಾಕ್ಷಸರಾಗಿಸದೆ, ನಾವು ಬೀದಿಯಲ್ಲಿ ದಿನಾ ಸಲಾಂ ಹೇಳುವ ಸಾಮಾನ್ಯ ಗಂಡಸರನ್ನಾಗಿ ತೋರಿಸಿರುವುದರಿಂದ ಕಥೆ ಹೆಚ್ಚು ಚುಚ್ಚುತ್ತದೆ ಎಂದರೆ, ಆಗ ಅದು ವಿಮರ್ಶೆ. ಒಪ್ಪದವರು ಕಥೆ ತೆರೆದು ಜಗಳಕ್ಕೆ ಬರಬಹುದು.

ಭಾಷೆಯನ್ನೂ ಗಮನಿಸಬೇಕು. ಈ ಕಥೆಯೂ ಸೇರಿ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಆ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕಥಾಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. 50,000 ಪೌಂಡ್ ಬಹುಮಾನವನ್ನು ಲೇಖಕಿ, ಅನುವಾದಕಿ ಇಬ್ಬರಿಗೂ ಸಮವಾಗಿ ಹಂಚಲಾಯಿತು. ಅನುವಾದಕಿ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸದೆ, ಅಡಿಟಿಪ್ಪಣಿಯನ್ನೂ ಕೊಡದೆ ಹಾಗೆಯೇ ಉಳಿಸಿಕೊಂಡರು. ಮನೆಯೊಳಗೆ ದಖನಿ, ಹೊಸಿಲು ದಾಟಿದರೆ ಮಂಡ್ಯದ ಕನ್ನಡ ಮಾತಾಡುವ ನಿಮಗೆ ಈ ಬೆರಕೆಯ ಲಯ ಹೊರಗಿನ ವಿಮರ್ಶಕರಿಗಿಂತ ಬೇಗ ಕೇಳಿಸುತ್ತದೆ. ಹಾಗೆಯೇ ಮದ್ದೂರು ತಾಲ್ಲೂಕಿನವರಾದ, ವೃತ್ತಿಯಲ್ಲಿ ವೈದ್ಯರಾಗಿದ್ದ ಬೆಸಗರಹಳ್ಳಿ ರಾಮಣ್ಣ ಅವರ ಕಥೆಗಳ ಸಂಭಾಷಣೆ ಸಹಜವೋ ಅಲ್ಲವೋ ಎಂದು ಹೇಳಲು ನಿಮಗಿಂತ ಅರ್ಹರು ಯಾರು?

ಆತ್ಮಕಥೆಯ ವಿಚಾರ ಇನ್ನೂ ಸೂಕ್ಷ್ಮ. ಅಲ್ಲಿ ಬರುವವರು ನಿಜವಾದ ಮನುಷ್ಯರು. ಅತ್ತೆ, ಮೇಷ್ಟ್ರು, ಹಳೆಯ ಗೆಳೆಯ, ಇವರಲ್ಲಿ ಎಷ್ಟೋ ಜನರಿಗೆ ಉತ್ತರ ಕೊಡುವ ಅವಕಾಶವೇ ಇಲ್ಲ. ಲೇಖಕರ ಬದುಕಿಗೆ ಅಂಕ ಹಾಕುವುದು ನಮ್ಮ ಕೆಲಸವಲ್ಲ. ಅವರು ಬೇರೆಯವರ ತಪ್ಪನ್ನು ಬರೆದಷ್ಟೇ ನೇರವಾಗಿ ತಮ್ಮ ತಪ್ಪನ್ನೂ ಬರೆದಿದ್ದಾರೆಯೇ? ಯಾವುದನ್ನು ಬೇಗ ದಾಟಿ ಹೋಗಿದ್ದಾರೆ? ಯಾವ ದನಿಯಲ್ಲಿ ಹೇಳಿದ್ದಾರೆ? ಇವು ಕೇಳಬಹುದಾದ ಪ್ರಶ್ನೆಗಳು. ಸಿದ್ದಲಿಂಗಯ್ಯನವರ 'ಊರುಕೇರಿ' ಹಸಿವು, ಅವಮಾನಗಳನ್ನು ನಗುತ್ತಾ ಹೇಳುತ್ತದೆ. ಆ ನಗು ನೋವನ್ನು ಹಗುರ ಮಾಡುತ್ತದೆಯೋ ಹೆಚ್ಚಿಸುತ್ತದೆಯೋ ಎಂಬುದೇ ಅದರ ವಿಮರ್ಶೆಗೆ ಒಳ್ಳೆಯ ಆರಂಭ. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡದಲ್ಲಿ ಓದಿ ಬರೆದ ಸಾರಾ ಅಬೂಬಕ್ಕರ್ ಅವರ 'ಹೊತ್ತು ಕಂತುವ ಮುನ್ನ' ಓದುವವರು, ಅವರ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ'ಯನ್ನೂ ಜೊತೆಗಿಟ್ಟುಕೊಂಡರೆ ಬದುಕು ಎಲ್ಲಿ ಕಥೆಯಾಯಿತೆಂದು ಹುಡುಕಬಹುದು.

ಇನ್ನೊಂದು ಮಾತು. ಅವಳ ಪ್ರಶ್ನೆಯ ಹಿಂದೆ ಇದೇ ಇತ್ತೇನೋ. ನಮ್ಮ ಮನೆಗಳ ಒಳಗಿನ ಮಾತನ್ನು ಬರೆದ ಪುಸ್ತಕ ಕೈಗೆ ಬಂದಾಗ ಎರಡು ಬಗೆಯ ಕೆಟ್ಟ ವಿಮರ್ಶೆ ಹುಟ್ಟುತ್ತವೆ. ಒಂದು, 'ಮುಸ್ಲಿಮರ ಬಂಡವಾಳ ಬಯಲು ಮಾಡಿದ್ದಾರೆ, ಆದ್ದರಿಂದ ಒಳ್ಳೆಯದು' ಎನ್ನುತ್ತದೆ. ಇನ್ನೊಂದು, 'ಸಮುದಾಯದ ಮಾನ ಕಳೆದಿದ್ದಾರೆ, ಆದ್ದರಿಂದ ಕೆಟ್ಟದ್ದು' ಎನ್ನುತ್ತದೆ. ಎರಡೂ ಪುಸ್ತಕ ಓದಿಲ್ಲ. ಮಸೀದಿಯಲ್ಲಿ ಹೆಣ್ಣುಮಕ್ಕಳ ಪ್ರವೇಶದ ಬಗ್ಗೆ ಮಾತಾಡಿದ್ದಕ್ಕೆ ಬಾನು ಮುಷ್ತಾಕ್ 2000ನೇ ಇಸವಿಯಲ್ಲಿ ಬಹಿಷ್ಕಾರ, ಬೆದರಿಕೆಗಳನ್ನು ಎದುರಿಸಿದರು. ಆ ನೋವಿಗಾಗಿ ಅವರ ಕಥೆಗೆ ಹೆಚ್ಚು ಅಂಕ ಕೊಡಬೇಕಿಲ್ಲ, ಆ ಮಾತಿಗಾಗಿ ಕಡಿಮೆ ಅಂಕವನ್ನೂ ಕೊಡಬಾರದು. ರಹಮತ್ ತರೀಕೆರೆ ಅವರ, 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿಮರ್ಶಾ ಕೃತಿಯ ಹೆಸರು 'ಕತ್ತಿಯಂಚಿನ ದಾರಿ'. ವಿಮರ್ಶಕನ ನಡಿಗೆಗೆ ಇದಕ್ಕಿಂತ ಸರಿಯಾದ ಹೆಸರು ನನಗೆ ತಿಳಿಯದು.

ಆ ವಿದ್ಯಾರ್ಥಿನಿ ಮುಂದಿನ ವಾರ ತನ್ನ ಒಂದು ಪುಟ ತಂದುಕೊಟ್ಟಳು. 'ಚಂದ್ರಗಿರಿಯ ತೀರದಲ್ಲಿ' ಓದಿದ್ದಳು. ಮೂರು ಕಡೆ ಮೆಚ್ಚಿದ್ದಳು, ಒಂದು ಕಡೆ ಒಪ್ಪಿರಲಿಲ್ಲ. ನಾಲ್ಕಕ್ಕೂ ಅಂಚಿನಲ್ಲಿ ಪುಟಸಂಖ್ಯೆ ಬರೆದಿದ್ದಳು. ಅವಳು ಒಪ್ಪದ ಜಾಗವನ್ನು ನಾನು ಮನೆಗೆ ಹೋಗಿ ಮತ್ತೆ ಓದಿದೆ. ಅವಳು ಹೇಳಿದ್ದು ಸರಿಯೆಂದು ನನಗೆ ಈಗಲೂ ಅನಿಸಿಲ್ಲ. ಆದರೆ ಇಷ್ಟು ವರ್ಷ ಕಣ್ಣಿಗೆ ಬೀಳದಿದ್ದ ಒಂದು ಪುಟವನ್ನು ಅವಳು ನನಗೆ ತೋರಿಸಿದಳು.

ನೀವೂ ಒಂದು ಪುಸ್ತಕವನ್ನು ಪೂರ್ತಿ ಓದಿ, ನಾಲ್ಕುನೂರು ಪದಗಳಲ್ಲಿ ಬರೆದು ಕನ್ನಡ ವಿಭಾಗಕ್ಕೆ ಕೊಡಿ. ಮರೆಯದೆ ನಿಮ್ಮ ಹೆಸರು ಹಾಕಿ.